ಚಕ್ಕುಬಂದಿ ಹಿಡಿದು ಮನೆ ಹುಡುಕಿದ್ದು: ಬ್ಯಾಂಕ್ ಹರಾಜಿನ ನನ್ನ ಅನುಭವ

ಮೈಸೂರಿನಲ್ಲಿ ಮನೆ ಹುಡುಕಲು ಶುರು ಮಾಡಿದಾಗ ನನ್ನ ಬಜೆಟ್ ಕೇಳಿದ ಬ್ರೋಕರ್‌ಗಳು ಮತ್ತೆ ಫೋನೇ ಮಾಡಲಿಲ್ಲ. ಸಾಲ ಕಟ್ಟದವರ ಮನೆಗಳನ್ನು ಬ್ಯಾಂಕು ಹರಾಜು ಹಾಕುತ್ತದಲ್ಲ, ಅಲ್ಲಿ ನೋಡು ಅಂದಿದ್ದು ನಮ್ಮ ಭಾವ. ಅಲ್ಲಿಂದ ಹನ್ನೊಂದು ತಿಂಗಳು ಅದೇ ಕೆಲಸ.

ಮೊದಲು ಮಾಡಿದ ದಡ್ಡತನ, ದುಡ್ಡು ಕೊಟ್ಟು ಪಟ್ಟಿ ತೆಗೆದುಕೊಂಡಿದ್ದು. ಒಂದು ಖಾಸಗಿ ವೆಬ್‌ಸೈಟ್‌ಗೆ ಎರಡು ಸಾವಿರ ಕಟ್ಟಿದೆ. ಬಂದ ಪಟ್ಟಿಯಲ್ಲಿ ಅರ್ಧಕ್ಕರ್ಧ ಹರಾಜು ಆಗಲೇ ಮುಗಿದುಹೋಗಿತ್ತು, ಉಳಿದದ್ದು ಪುಕ್ಕಟೆ ಸಿಗುವಂಥದ್ದೇ. ಸರ್ಕಾರಿ ಬ್ಯಾಂಕುಗಳ ಹರಾಜಿಗೆ 2025ರ ಜನವರಿಯಲ್ಲಿ ಶುರುವಾದ ಬ್ಯಾಂಕ್‌ನೆಟ್ ಪೋರ್ಟಲ್ ಇದೆ. ರಾಜ್ಯ, ಜಿಲ್ಲೆ, ಬೆಲೆ ಹಾಕಿ ಸುಮ್ನೆ ಹುಡುಕಬಹುದು. ಖಾಸಗಿ ಬ್ಯಾಂಕು, ಹೌಸಿಂಗ್ ಫೈನಾನ್ಸ್‌ನವರದ್ದು ಹೆಚ್ಚಾಗಿ ಅವರವರ ವೆಬ್‌ಸೈಟ್‌ನಲ್ಲಿ ನೋಡಬೇಕು.

ಆದರೆ ನನಗೆ ಜಾಸ್ತಿ ಕೆಲಸಕ್ಕೆ ಬಂದಿದ್ದು ದಿನಪತ್ರಿಕೆ. ಸಾಲ ತೀರದಿದ್ದರೆ ಅಡವಿಟ್ಟ ಆಸ್ತಿ ಮಾರಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯ ನಿಯಮದಂತೆ ಹರಾಜಿನ ನೋಟಿಸನ್ನು ಎರಡು ಪತ್ರಿಕೆಗಳಲ್ಲಿ ಹಾಕಲೇಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದಾಗಿರಬೇಕು. ಮೊದಲ ಹರಾಜಿಗೆ 30 ದಿನ ಮುಂಚೆ, ಮರುಹರಾಜಿಗೆ 15 ದಿನ ಮುಂಚೆ. ಇದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಅದಕ್ಕೂ ಮೊದಲು ಬ್ಯಾಂಕ್ ಆಸ್ತಿಯನ್ನು ಸ್ವಾಧೀನಕ್ಕೆ ತೆಗೆದುಕೊಂಡಾಗ ಇನ್ನೊಂದು ನೋಟಿಸ್ ಬರುತ್ತದೆ. ಸಣ್ಣಕ್ಷರದ ಆ ಸ್ವಾಧೀನ ನೋಟಿಸನ್ನು ಯಾರೂ ಓದುವುದಿಲ್ಲ. ನಾನು ಅವನ್ನು ಕತ್ತರಿಸಿ ಒಂದು ನೋಟ್‌ಬುಕ್‌ಗೆ ಅಂಟಿಸತೊಡಗಿದೆ, ಮುಂದೆ ಯಾವ ಏರಿಯಾದಲ್ಲಿ ಏನು ಹರಾಜಿಗೆ ಬರಬಹುದು ಅನ್ನೋದು ತಿಂಗಳುಗಳ ಮೊದಲೇ ಕೈಯಲ್ಲಿರುತ್ತಿತ್ತು.

ಇನ್ನು ಜಾಗ ಪತ್ತೆ ಮಾಡೋದು. ಎಷ್ಟೋ ನೋಟಿಸ್‌ಗಳಲ್ಲಿ ಫೋಟೋ ಇಲ್ಲ, ಸರಿಯಾದ ವಿಳಾಸವೂ ಇಲ್ಲ. ಸೈಟ್ ನಂಬರ್, ಅಳತೆ, ಚಕ್ಕುಬಂದಿ ಅಷ್ಟೇ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಸೈಟ್ ನಂಬರ್ ಇಷ್ಟು. ದಟ್ಟಗಳ್ಳಿಯಲ್ಲಿ ಒಂದು ಭಾನುವಾರ ಇಡೀ ಬೆಳಿಗ್ಗೆ ಹೀಗೆ ಗೇಟುಗಳ ಮೇಲಿನ ನಂಬರ್ ಓದುತ್ತಾ ಸುತ್ತಿದೆ. ಕೊನೆಗೆ ಸಿಕ್ಕಿತು, ಕಾಂಪೌಂಡ್ ಗೋಡೆಗೆ ಅಂಟಿಸಿದ್ದ ನೋಟಿಸ್ ಅರ್ಧ ಹರಿದಿತ್ತು. ಒಳಗೆ ಒಬ್ಬ ಅಜ್ಜಿ ಸಂಡಿಗೆ ಒಣಹಾಕುತ್ತಿದ್ದರು.

"ಬ್ಯಾಂಕಿನವರಾ?"

"ಅಲ್ಲಜ್ಜಿ, ಸುಮ್ನೆ ಮನೆ ನೋಡೋಣ ಅಂತ."

"ನೀವು ನಾಲ್ಕನೆಯವರು. ಕೇಸ್ ನಡೀತಿದೆಯಪ್ಪ, ನೋಡಿ ತಗೊಳ್ಳಿ."

ನನಗೆ ಆ ಮನೆಯ ಬಗ್ಗೆ ಆಮೇಲೆ ಮಾತಾಡಲೂ ಮನಸ್ಸಾಗಲಿಲ್ಲ. ಮನೆಗೆ ಬಂದು ನೋಟಿಸ್ ಮತ್ತೆ ತೆಗೆದು ನೋಡಿದರೆ ಅದರಲ್ಲೇ ಬರೆದಿತ್ತು: ಸಾಂಕೇತಿಕ ಸ್ವಾಧೀನ. ಅಂದರೆ ಬ್ಯಾಂಕಿನ ಹತ್ತಿರ ಕಾಗದ ಮಾತ್ರ ಇದೆ, ಬೀಗದ ಕೈ ಇಲ್ಲ. ಒಳಗಿರುವವರು ತಾವಾಗಿ ಬಿಡದಿದ್ದರೆ ಬ್ಯಾಂಕು ಜಿಲ್ಲಾ ಮ್ಯಾಜಿಸ್ಟ್ರೇಟರ ಆದೇಶ ತರಬೇಕು, ಅದು ಎಷ್ಟು ಎಳೆಯುತ್ತದೋ. ಅವತ್ತಿನಿಂದ ಬೆಲೆ ನೋಡುವ ಮುಂಚೆ ನಾನು ಈ ಪದ ನೋಡುತ್ತೇನೆ. 'ಭೌತಿಕ ಸ್ವಾಧೀನ' ಅಂತಿದ್ದರೆ ಮಾತ್ರ ಮುಂದಿನ ಸಾಲು ಓದೋದು. ಸಾಲಗಾರನ ಹೆಸರು ಹಾಕಿ ಸಾಲ ವಸೂಲಾತಿ ನ್ಯಾಯಮಂಡಳಿಯ, ಅಂದರೆ ಡಿಆರ್‌ಟಿಯ ವೆಬ್‌ಸೈಟ್‌ನಲ್ಲಿ ಕೇಸ್ ಇದೆಯಾ ಅಂತಲೂ ನೋಡುತ್ತೇನೆ.

ಕೊನೆಗೆ ನಾನು ತೆಗೆದುಕೊಂಡಿದ್ದು ಬೋಗಾದಿ ಕಡೆಯ ಎರಡು ಬೆಡ್‌ರೂಮಿನ ಫ್ಲಾಟ್. ಸ್ವಾಧೀನ ನೋಟಿಸ್ ಬಂದಾಗಲೇ ನನ್ನ ನೋಟ್‌ಬುಕ್‌ನಲ್ಲಿತ್ತು. ಮೊದಲ ಹರಾಜಿಗೆ ಯಾರೂ ಬರಲಿಲ್ಲ, ಎರಡನೇ ಸಲ ರಿಸರ್ವ್ ಪ್ರೈಸ್, ಅಂದರೆ ಹರಾಜಿನ ಕನಿಷ್ಠ ಬೆಲೆ, ಇಳಿಸಿದರು. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಇಸಿ (ಋಣಭಾರ ಪತ್ರ) ತೆಗೆಸಿ ವಕೀಲರಿಗೆ ಕೊಟ್ಟೆ, ಅವರು ಓಕೆ ಅಂದ ಮೇಲೇ ಇಎಂಡಿ, ಅಂದರೆ ಬಿಡ್ ಮಾಡಲು ಇಡುವ ಠೇವಣಿ, ಕಟ್ಟಿದ್ದು. ಅದು ರಿಸರ್ವ್ ಪ್ರೈಸಿನ ಶೇ 10 ಇತ್ತು. ಗೆದ್ದ ಮೇಲೆ ಉಸಿರಾಡಲು ಪುರುಸೊತ್ತಿಲ್ಲ: ಇಎಂಡಿಯೂ ಸೇರಿ ಗೆದ್ದ ಬೆಲೆಯ ಶೇ 25 ಅವತ್ತೇ, ತಪ್ಪಿದರೆ ಮರುದಿನದ ಕೆಲಸದ ಅವಧಿಯೊಳಗೆ. ಉಳಿದ ಶೇ 75ಕ್ಕೆ ಮಾರಾಟ ಖಾತ್ರಿಯಾದ ಮೇಲೆ 15 ದಿನ. ಬ್ಯಾಂಕ್ ಒಪ್ಪಿದರೆ ಲಿಖಿತವಾಗಿ ಹೆಚ್ಚು ಸಮಯ ಸಿಗಬಹುದು, ಆದರೆ ಅದನ್ನು ನಂಬಿಕೊಂಡು ಬಿಡ್ ಮಾಡಬಾರದು, ಕಟ್ಟದಿದ್ದರೆ ಕೊಟ್ಟ ದುಡ್ಡೂ ಹೋಗುತ್ತದೆ. ಅದಕ್ಕೇ ನಾನು ಹೋಮ್ ಲೋನ್ ಮೊದಲೇ ಮಂಜೂರು ಮಾಡಿಸಿಟ್ಟುಕೊಂಡಿದ್ದೆ.

ಫ್ಲಾಟ್ ನೋಡಲು ಬ್ಯಾಂಕು ಒಂದು ದಿನ ಕೊಟ್ಟಿತ್ತು. ಅವತ್ತು ಫ್ಲಾಟ್‌ಗಿಂತ ಜಾಸ್ತಿ ಹೊತ್ತು ನಾನು ವಾಚ್‌ಮನ್ ಜೊತೆ ಕೂತಿದ್ದೆ. ಮೂರು ವರ್ಷದ ಮೇಂಟೆನೆನ್ಸ್ ಬಾಕಿ ಇದೆ ಅಂತ ಹೇಳಿದ್ದು ಅವರೇ. ಆ 84 ಸಾವಿರವನ್ನು ಬಿಡ್ ಲೆಕ್ಕದಲ್ಲೇ ಕಳೆದಿಟ್ಟಿದ್ದೆ. ಕರೆಂಟ್ ಬಾಕಿ ಕೇಳೋದು ಮರೆತೇಹೋಗಿತ್ತು. ಬೀಗ ತೆಗೆದು ಸ್ವಿಚ್ ಹಾಕಿದಾಗ ನೆನಪಾಯಿತು.