ಮನೆಯ ಶೆಡ್ಡಿಗೊಂದು ಮಿಗ್ ವೆಲ್ಡಿಂಗ್ ಯಂತ್ರ: ಕರಾವಳಿಯ ವಾಹನ ಹವ್ಯಾಸಿಗಳಿಗೆ ಕೆಲವು ಸಲಹೆಗಳು

ಹಳೆಯ ಜೀಪು, ಓಮ್ನಿ ಅಥವಾ ಮಾರುತಿ 800ನ್ನು ಮನೆಯ ಶೆಡ್ಡಿನಲ್ಲೇ ದುರಸ್ತಿ ಮಾಡಿಕೊಳ್ಳಬೇಕೆಂದು ಹೊರಡುವವರು ಅಂಗಡಿಯಲ್ಲಿ ಮೊದಲು ಕೇಳುವುದು ಯಂತ್ರ ಎಷ್ಟು ಆಂಪಿಯರಿನದು ಎಂದು. ಮಂಗಳೂರು, ಉಡುಪಿಯ ಕಡೆಯವರು ಈ ಪ್ರಶ್ನೆಯನ್ನು ತಿರುಗಿಸಿ, ಈ ಯಂತ್ರ ಎಷ್ಟು ಕಡಿಮೆ ಆಂಪಿಯರಿನಲ್ಲಿ ನಿಂತು ಕೆಲಸ ಮಾಡಬಲ್ಲದು ಎಂದು ಕೇಳುವುದು ಲೇಸು. ನಮ್ಮ ಊರಿನ ವಾಹನಗಳಲ್ಲಿ ಬೆಸುಗೆಯ ಕೆಲಸದ ಬಹುಪಾಲು ತುಕ್ಕಿನಿಂದಲೇ ಹುಟ್ಟುತ್ತದೆ. ಉಪ್ಪುಗಾಳಿಯೂ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಮಳೆಯೂ ಸೇರಿ ಮೊದಲು ತಿನ್ನುವುದು ಕಾಲಿಡುವ ತಳದ ತಗಡನ್ನು, ಬಾಗಿಲ ಕೆಳಗಿನ ಅಂಚನ್ನು, ಚಕ್ರದ ಮೇಲಿನ ಕಮಾನನ್ನು. ಕಾರಿನ ಹೊರಮೈಯ ತಗಡು ಸಾಮಾನ್ಯವಾಗಿ 0.7ರಿಂದ 0.9 ಮಿಲಿಮೀಟರ್ ದಪ್ಪವಿರುತ್ತದೆ. ತುಕ್ಕನ್ನು ಗ್ರೈಂಡರಿನಿಂದ ಉಜ್ಜಿ ತೆಗೆದ ಮೇಲೆ ಉಳಿಯುವುದು ಅದಕ್ಕಿಂತಲೂ ತೆಳು. ಜೀಪಿನ ಚಾಸಿಯ ಉಕ್ಕು ಸುಮಾರು 3 ಮಿಲಿಮೀಟರ್, ಮೇಲಿನ ಕ್ಯಾರಿಯರ್ ಮಾಡುವ ಪೈಪು ಒಂದೂವರೆ ಎರಡು ಮಿಲಿಮೀಟರ್ ಇದ್ದೀತು. ಹವ್ಯಾಸಿಗೆ ಇದಕ್ಕಿಂತ ದಪ್ಪನೆಯ ಲೋಹ ಎದುರಾಗುವುದು ಅಪರೂಪ.

ಮೆದು ಉಕ್ಕಿನ ಪ್ರತಿ ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪಿಯರ್ ಬೇಕೆಂಬುದು ವೆಲ್ಡರುಗಳು ಬಳಸುವ ಒರಟು ಲೆಕ್ಕ. ಅದರಂತೆ 3 ಮಿಲಿಮೀಟರಿಗೆ 120 ಆಂಪಿಯರ್ ಸಾಕು, 0.8 ಮಿಲಿಮೀಟರಿನ ತಗಡಿಗೆ ಮೂವತ್ತರ ಆಸುಪಾಸು. ರಾಡಿನ ವೆಲ್ಡಿಂಗಿನಲ್ಲಿ ಇಷ್ಟು ಕೆಳಗೆ ಇಳಿದರೆ ಆರ್ಕ್, ಅಂದರೆ ಲೋಹವನ್ನು ಕರಗಿಸುವ ವಿದ್ಯುತ್ ಕಿಡಿ, ನಿಲ್ಲುವುದಿಲ್ಲ, ಮೇಲೇರಿಸಿದರೆ ತಗಡು ತೂತಾಗುತ್ತದೆ. ರಾಡಿನ ಬದಲು ತೆಳು ತಂತಿಯನ್ನು ಸುರುಳಿಯಿಂದ ತಾನೇ ಮುಂದೂಡುತ್ತ, ಅನಿಲದ ಮರೆಯಲ್ಲಿ, ಕಡಿಮೆ ಕರೆಂಟಿನಲ್ಲೂ ಬೆಸೆಯುವ ಯಂತ್ರವೇ ಮಿಗ್. ನಮ್ಮಲ್ಲಿ ಸಿಓಟು ವೆಲ್ಡಿಂಗ್ ಎಂದೇ ಕರೆಯುವ ಇದನ್ನು ಟಿಂಕರಿಂಗ್ ಶಾಪಿನವರು ಇಟ್ಟುಕೊಳ್ಳುವುದು ಈ ಕಾರಣಕ್ಕೆ. ಆದ್ದರಿಂದ ಯಂತ್ರದ ಹಿಂಬದಿಯ ಫಲಕದಲ್ಲಿ ಕರೆಂಟಿನ ಗರಿಷ್ಠ ಅಂಕಿಯ ಜೊತೆಗೆ ಕನಿಷ್ಠ ಅಂಕಿಯನ್ನೂ ಓದಬೇಕು. ಮಿಗ್ ಯಂತ್ರದ ಕರೆಂಟಿಗೆ ತಕ್ಕ ವೋಲ್ಟೇಜಿಗೊಂದು ಪ್ರಮಾಣಿತ ಸೂತ್ರವಿದೆ: ಆಂಪಿಯರನ್ನು 0.05ರಿಂದ ಗುಣಿಸಿ 14 ಕೂಡಿಸಿದರಾಯಿತು. 40 ಆಂಪಿಯರಿಗೆ ಅದು 16 ವೋಲ್ಟ್. ವೋಲ್ಟೇಜಿನ ಗುಂಡಿ ಹದಿನಾರಕ್ಕೂ ಅದರ ಕೆಳಕ್ಕೂ ಇಳಿಯದ ಯಂತ್ರ, ಗರಿಷ್ಠದಲ್ಲಿ ಎಷ್ಟೇ ಅಬ್ಬರಿಸಲಿ, ತಳದ ತಗಡಿನ ಕೆಲಸಕ್ಕೆ ಒದಗುವುದಿಲ್ಲ.

ಅಂಕಿಗಳಿಗಿಂತ ಕಣ್ಣಾರೆ ನೋಡುವುದು ಮೇಲು. ಯಾವುದಾದರೂ ಟಿಂಕರಿಂಗ್ ಶಾಪಿನ ಗುಜರಿಯಿಂದ ಹಳೆಯ ಬಾನೆಟಿನ ಒಂದು ತುಂಡನ್ನು ಕೇಳಿ ಪಡೆದು, ಬಣ್ಣ ಕೆರೆದು, ಯಂತ್ರ ಮಾರುವವರಲ್ಲಿಗೆ ಕೊಂಡೊಯ್ಯಿರಿ. ಅದರ ಎರಡು ಚೂರುಗಳನ್ನು ಅಂಚಿಗೆ ಅಂಚು ಇಟ್ಟು ಟ್ಯಾಕ್ (ಚುಕ್ಕೆ ಬೆಸುಗೆ) ಹಾಕಿ ತೋರಿಸಲು ಹೇಳಿ. ಹದವಾಗಿ ಹೊಂದಿಸಿದ ಆರ್ಕ್ ಒಂದೇ ಸಮನೆ ಚರಚರ ಎನ್ನುತ್ತದೆ. ತಂತಿ ತಗಡಿಗೆ ಬಡಿದು ಟಾರ್ಚು (ಕೈಯಲ್ಲಿ ಹಿಡಿದು ಬೆಸೆಯುವ ಗನ್) ಹಿಂದಕ್ಕೆ ತಳ್ಳಿದಂತಾದರೆ, ಇಲ್ಲವೇ ದೊಡ್ಡ ಗುಂಡುಗಳಾಗಿ ಸಿಡಿದರೆ, ಹೊಂದಾಣಿಕೆ ತಪ್ಪಿದೆ ಎಂದರ್ಥ. ಮಾರುವವರೇ ಹೊಂದಿಸಿಯೂ ಅದು ಸರಿಹೋಗದಿದ್ದರೆ ನಿಮ್ಮ ಶೆಡ್ಡಿನಲ್ಲಿ ಸರಿಹೋಗುವ ಸಂಭವ ಕಡಿಮೆ. ದಪ್ಪನೆಯ ಪಟ್ಟಿಯ ಮೇಲೆ ಮಾತ್ರ ಬೆಸೆದು ತೋರಿಸುವ ಅಂಗಡಿಯಿಂದ ನಾನಾದರೆ ಹಾಗೆಯೇ ಎದ್ದು ಬರುತ್ತೇನೆ.

ಎರಡನೆಯ ಮಿತಿಯನ್ನು ಹಾಕುವುದು ನಿಮ್ಮ ಮನೆಯ ಗೋಡೆಯ ಸಾಕೆಟ್. 90 ಆಂಪಿಯರಿನಲ್ಲಿ ಬೆಸೆಯುವಾಗ ಆರ್ಕಿಗೆ ಹೋಗುವ ಶಕ್ತಿ ಸುಮಾರು 1.7 ಕಿಲೋವ್ಯಾಟ್. ಯಂತ್ರದ ದಕ್ಷತೆಯನ್ನು ಶೇ. 80 ಎಂದೂ ಪವರ್ ಫ್ಯಾಕ್ಟರನ್ನು (ಎಳೆದುಕೊಂಡದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.7 ಎಂದೂ ಹಿಡಿದರೆ 230 ವೋಲ್ಟಿನ ಸಾಕೆಟಿನಿಂದ ಅದು ಎಳೆಯುವುದು ಸುಮಾರು 13 ಆಂಪಿಯರ್. 120ಕ್ಕೇರಿಸಿದರೆ ಹದಿನೆಂಟು ಹತ್ತೊಂಬತ್ತಾಗುತ್ತದೆ, ಪೂರ್ತಿ 200ಕ್ಕೆ ಏರಿಸಿದರೆ 35ನ್ನೂ ದಾಟುತ್ತದೆ. ಅಂದರೆ 16 ಆಂಪಿಯರಿನ ಮನೆಯ ಸಾಕೆಟ್ ತಗಡು ಮತ್ತು ಪೈಪಿನ ಕೆಲಸವನ್ನು ತಾಳಿಕೊಳ್ಳುತ್ತದೆ. ಚಾಸಿಗೆ ಕೈಹಾಕುವವರು 32 ಆಂಪಿಯರಿನ ಪ್ರತ್ಯೇಕ ಲೈನನ್ನು, ಕರೆಂಟು ಮಿತಿಮೀರಿದರೆ ಕಡಿದುಹಾಕುವ, ಅದಕ್ಕೊಪ್ಪುವ ಎಂಸಿಬಿಯನ್ನು, ನೆಲಕ್ಕೆ ಸೋರುವ ಕರೆಂಟನ್ನು ಹಿಡಿಯುವ ಆರ್‌ಸಿಸಿಬಿಯನ್ನು, ಸರಿಯಾದ ಅರ್ತಿಂಗನ್ನು ಪರವಾನಗಿಯುಳ್ಳ ಎಲೆಕ್ಟ್ರಿಶಿಯನ್ ಕೈಯಲ್ಲಿ ಹಾಕಿಸಿಕೊಳ್ಳಬೇಕು. ಮನೆಗೆ ಮಂಜೂರಾದ ಲೋಡ್ ಎಷ್ಟೆಂಬುದು ಮೆಸ್ಕಾಂ ಬಿಲ್ಲಿನಲ್ಲೇ ಇರುತ್ತದೆ. ಅದು ಸಾಲದಿದ್ದರೆ ಯಂತ್ರ ತರುವ ಮೊದಲೇ ಹೆಚ್ಚಿಸಿಕೊಳ್ಳುವುದು ಸರಿಯಾದ ಕ್ರಮ. ಬೈಕಂಪಾಡಿಯ ಕಾರ್ಖಾನೆಯೊಂದರಿಂದ ಅಗ್ಗಕ್ಕೆ ಸಿಗುತ್ತದೆಂದು 415 ವೋಲ್ಟಿನ ತ್ರೀ ಫೇಸ್ ಯಂತ್ರವನ್ನು ಮನೆಗೆ ತರಬೇಡಿ. ಅದಕ್ಕೆ ಬೇಕಾದ ಸಂಪರ್ಕದ ಖರ್ಚು ಉಳಿತಾಯವನ್ನು ನುಂಗಿಬಿಡುತ್ತದೆ.

ಹೀಗೆ ಎರಡು ಕಡೆಯಿಂದ ಅಳೆದು ನೋಡಿದಾಗ ಹೆಚ್ಚಿನವರಿಗೆ ಹೊಂದುವುದು 200 ಆಂಪಿಯರ್ ವರ್ಗದ ಸಿಂಗಲ್ ಫೇಸ್ ಇನ್ವರ್ಟರ್ ಮಿಗ್, ಅಂದರೆ ಕರೆಂಟನ್ನು ಎಲೆಕ್ಟ್ರಾನಿಕ್ ಸರ್ಕಿಟ್ಟಿನಿಂದ ಹದಗೊಳಿಸುವ ಹಗುರ ಯಂತ್ರ. ಹಳೆಯ ಬಗೆಯ ಟ್ರಾನ್ಸ್‌ಫಾರ್ಮರ್ ಯಂತ್ರ ಗಟ್ಟಿಮುಟ್ಟು, ಆದರೆ ಭಾರ. ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಮಾತ್ರ ಬದಲಿಸುವುದರಿಂದ ತೆಳು ತಗಡಿಗೆ ಬೇಕಾದ ಹದ ಎರಡು ಮೆಟ್ಟಿಲುಗಳ ನಡುವೆ ಸಿಕ್ಕಿಕೊಳ್ಳುವುದುಂಟು. ಡ್ಯೂಟಿ ಸೈಕಲ್ ಎಂಬುದನ್ನು ಹತ್ತು ನಿಮಿಷಗಳ ಲೆಕ್ಕದಲ್ಲಿ ಹೇಳುತ್ತಾರೆ: 200 ಆಂಪಿಯರಿಗೆ ಶೇ. 60 ಎಂದರೆ ಆ ಕರೆಂಟಿನಲ್ಲಿ ಆರು ನಿಮಿಷ ಬೆಸೆದು ನಾಲ್ಕು ನಿಮಿಷ ಬಿಡಬೇಕು. ತಗಡಿನ ಕೆಲಸ ಚುಕ್ಕೆ ಚುಕ್ಕೆಯಾಗಿ ನಡೆಯುವುದರಿಂದ ಹವ್ಯಾಸಿಗೆ ಈ ಮಿತಿ ತಟ್ಟುವುದು ಕಡಿಮೆ. ಆದರೆ ಆ ಅಂಕಿಯನ್ನು ಯಾವ ಉಷ್ಣತೆಯಲ್ಲಿ ಅಳೆದಿದ್ದಾರೆಂದು ನೋಡಿ. 40 ಡಿಗ್ರಿಯಲ್ಲಿ ಅಳೆದದ್ದಕ್ಕೂ 25 ಡಿಗ್ರಿಯಲ್ಲಿ ಅಳೆದದ್ದಕ್ಕೂ ಬಹಳ ಅಂತರವಿದೆ, ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಶೀಟಿನ ಚಾವಣಿಯ ಕೆಳಗೆ ಇರುವ ಸೆಕೆಯೋ ಎಲ್ಲರಿಗೂ ಗೊತ್ತಿರುವಂಥದ್ದೇ.

ಯಂತ್ರದ ಮುಂಭಾಗದ ಗುಂಡಿಗಳಿಗಿಂತ ಹೆಚ್ಚಿನ ಗಮನ ಕೊಡಬೇಕಾದದ್ದು ಪಕ್ಕದ ಬಾಗಿಲು ತೆರೆದಾಗ ಕಾಣುವ ಭಾಗಕ್ಕೆ. ತಂತಿಯನ್ನು ಮುಂದೂಡುವ ರೋಲರುಗಳು ಕೂರುವ ಚೌಕಟ್ಟು ಅಗ್ಗದ ಯಂತ್ರಗಳಲ್ಲಿ ಪ್ಲಾಸ್ಟಿಕ್ಕಿನದು. ಒತ್ತಡಕ್ಕೆ ಅದು ಸ್ವಲ್ಪ ಸ್ವಲ್ಪವೇ ಬಾಗಿ, ತಂತಿ ಒಮ್ಮೆ ವೇಗವಾಗಿ ಒಮ್ಮೆ ನಿಧಾನವಾಗಿ ಬರತೊಡಗುತ್ತದೆ. ಆರಂಭಿಕರು ಅದನ್ನು ತಮ್ಮ ಕೈಯ ತಪ್ಪೆಂದು ಭಾವಿಸಿ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಲೋಹದ ಫೀಡರ್ ಇರುವ ಯಂತ್ರಕ್ಕೆ ಸ್ವಲ್ಪ ಹೆಚ್ಚು ಹಣ ಕೊಡುವುದಾದರೆ ಆ ಹಣ ಸಾರ್ಥಕ. ಮೂರು ಮೀಟರಿನ ಟಾರ್ಚಿಗೆ ಎರಡು ರೋಲರುಗಳೇ ಸಾಕು. ನಾಲ್ಕು ಇದ್ದರೆ ಬೇಡವೆನ್ನಬೇಕಿಲ್ಲ. ಗಟ್ಟಿ ತಂತಿಗೆ ವಿ ಆಕಾರದ ತೋಡಿರುವ ರೋಲರ್, ಫ್ಲಕ್ಸ್ (ಬೆಸುಗೆಯನ್ನು ಗಾಳಿಯಿಂದ ಕಾಯುವ ಪುಡಿ) ತುಂಬಿದ ಟೊಳ್ಳು ತಂತಿಗೆ ಹಲ್ಲುಗಳಿರುವ ರೋಲರ್ ಬೇಕು. ಐದು ಕಿಲೋದ ಸ್ಪೂಲ್ ಕೂರುವಷ್ಟು ಜಾಗವಿರಲಿ. ಟಾರ್ಚು ಯಂತ್ರಕ್ಕೇ ಅಂಟಿಕೊಂಡಿರದೆ ಯೂರೋ ಕನೆಕ್ಟರಿನಿಂದ ಬಿಚ್ಚಲು ಬರುವಂತಿರಬೇಕು. ತಂತಿ ಹೊರಬರುವ ಟಿಪ್ಪು, ಅನಿಲ ಹೊರಬಿಡುವ ನಾಜಲ್, ಟಾರ್ಚಿನ ಕೇಬಲಿನೊಳಗೆ ತಂತಿ ಸಾಗುವ ಲೈನರ್ ಇವೆಲ್ಲ ಸವೆಯುವ ವಸ್ತುಗಳಾಗಿದ್ದು, ಊರಿನ ಅಂಗಡಿಯಲ್ಲಿ ಬಿಡಿಯಾಗಿ ಸಿಗದ ಟಾರ್ಚನ್ನು ಕಟ್ಟಿಕೊಂಡರೆ ಒಂದು ಟಿಪ್ಪಿಗಾಗಿ ಕೊರಿಯರ್ ಕಾಯುತ್ತ ಕೂರಬೇಕಾಗುತ್ತದೆ.

ತಂತಿಯ ವಿಷಯ ಸರಳ. ತಾಮ್ರದ ಲೇಪವಿರುವ ಇಆರ್70ಎಸ್-6 ದರ್ಜೆಯ 0.8 ಮಿಲಿಮೀಟರ್ ತಂತಿಯೊಂದರಿಂದಲೇ ತಗಡಿನಿಂದ ಚಾಸಿಯವರೆಗಿನ ಎಲ್ಲ ಕೆಲಸ ಸಾಗುತ್ತದೆ. ಒಂದು ಕಿಲೋದಲ್ಲಿ ಸುಮಾರು 250 ಮೀಟರ್ ತಂತಿ ಇರುವುದರಿಂದ ಐದು ಕಿಲೋದ ಸ್ಪೂಲ್ ಹವ್ಯಾಸಿಗೆ ಬಹುಕಾಲ ಬರುತ್ತದೆ, ಕರಾವಳಿಯಲ್ಲಿ ತೊಂದರೆ ಇರುವುದೂ ಅಲ್ಲಿಯೇ. ಮಳೆಗಾಲದ ಆಟಿ ತಿಂಗಳ ತೇವದಲ್ಲಿ ಯಂತ್ರದೊಳಗೇ ಬಿಟ್ಟ ಸ್ಪೂಲ್ ಮೇಲ್ಪದರದಿಂದ ತುಕ್ಕು ಹಿಡಿಯತೊಡಗುತ್ತದೆ. ಆ ತುಕ್ಕು ಲೈನರಿನೊಳಗೆ ಉದುರಿ ತಂತಿಯನ್ನು ತಡೆಯುತ್ತದೆ, ಬೆಸುಗೆಯಲ್ಲಿ ಸಣ್ಣ ತೂತುಗಳನ್ನೂ ಮಾಡುತ್ತದೆ. ಕೆಲಸ ಮುಗಿದ ಮೇಲೆ ಸ್ಪೂಲನ್ನು ಬಿಚ್ಚಿ, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವ ಅಭ್ಯಾಸ ಮಾಡಿಕೊಳ್ಳಿ. ಅದೇ ಗಾಳಿ ಇನ್ವರ್ಟರಿನ ಒಳಗಿನ ಸರ್ಕಿಟ್ ಬೋರ್ಡುಗಳನ್ನೂ ತಿನ್ನುವುದರಿಂದ, ಬೋರ್ಡಿನ ಮೇಲೆ ರಕ್ಷಣಾ ಲೇಪವಿದೆಯೇ, ಕೆಟ್ಟರೆ ಬಿಚ್ಚಿ ರಿಪೇರಿ ಮಾಡುವವರು ಮಂಗಳೂರು ಅಥವಾ ಮಣಿಪಾಲದ ಸುತ್ತ ಇದ್ದಾರೆಯೇ ಎಂದು ಖರೀದಿಗೆ ಮೊದಲೇ ಕೇಳಬೇಕು. ಮಲ್ಪೆಯ ದೋಣಿ ಕೆಲಸದವರು ಯಾವ ಯಂತ್ರವನ್ನು ವರ್ಷಗಟ್ಟಲೆ ಓಡಿಸುತ್ತಿದ್ದಾರೆಂದು ವಿಚಾರಿಸಿದರೆ ಯಾವ ಜಾಹೀರಾತಿಗಿಂತಲೂ ಹೆಚ್ಚು ತಿಳಿಯುತ್ತದೆ.

ಗ್ಯಾಸ್ ಬೇಡದ, ಫ್ಲಕ್ಸ್ ತುಂಬಿದ ತಂತಿಯನ್ನು ಹಾಕುವ ಪುಟ್ಟ ಯಂತ್ರಗಳು ಆನ್‌ಲೈನಿನಲ್ಲಿ ಬಹಳ ಅಗ್ಗವಾಗಿ ಸಿಗುತ್ತವೆ, ಸಿಲಿಂಡರಿನ ತಾಪತ್ರಯವೂ ಇಲ್ಲ. ಗಾಳಿ ಬೀಸುವ ಅಂಗಳದಲ್ಲಿ ಗೇಟಿಗೋ ಟ್ರೇಲರಿಗೋ ಅವು ಆದೀತು. ಆದರೆ ಆ ತಂತಿಯ ಆರ್ಕಿನಲ್ಲಿ ಹೊಗೆ, ಸಿಡಿತ ಹೆಚ್ಚು. ತಗಡು ಬೇಗ ತೂತಾಗುತ್ತದೆ. ಪ್ರತಿ ಬೆಸುಗೆಯ ಮೇಲಿನ ಕಿಟ್ಟವನ್ನು ಕುಟ್ಟಿ ತೆಗೆಯಬೇಕು. ವಾಹನದ ತಗಡಿನ ಕೆಲಸಕ್ಕೆ ಗ್ಯಾಸ್ ಬೇಕೇ ಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಎರಡೂ ಬಗೆ ನಡೆಯುವ ಯಂತ್ರ ಕೊಳ್ಳುವುದಾದರೆ ಪೊಲಾರಿಟಿ ಬದಲಿಸುವ ಸೌಲಭ್ಯವಿದೆಯೇ ನೋಡಿ: ಗ್ಯಾಸಿನೊಂದಿಗೆ ಗಟ್ಟಿ ತಂತಿ ಬಳಸುವಾಗ ಟಾರ್ಚು ಧನಕ್ಕೆ (ಪ್ಲಸ್), ಗ್ಯಾಸಿಲ್ಲದ ತಂತಿಗೆ ಋಣಕ್ಕೆ (ಮೈನಸ್) ಸೇರಬೇಕು.

ಬರಿಯ ಕಾರ್ಬನ್ ಡೈಆಕ್ಸೈಡ್ ಅಗ್ಗ, ಆಳವಾಗಿ ಇಳಿಯುತ್ತದೆ, ಸಿಡಿತ ಜಾಸ್ತಿ. ಶೇ. 80 ಆರ್ಗಾನ್, ಶೇ. 20 ಕಾರ್ಬನ್ ಡೈಆಕ್ಸೈಡಿನ ಮಿಶ್ರಣ ದುಬಾರಿಯಾದರೂ ತೆಳು ತಗಡಿನ ಮೇಲೆ ಆರ್ಕ್ ಮೃದುವಾಗಿ ಓಡುತ್ತದೆ. ಕಲಿಕೆಗೆ ಮೊದಲನೆಯದು ಸಾಕು. ಐದು ಕಿಲೋ ಕಾರ್ಬನ್ ಡೈಆಕ್ಸೈಡ್ ಸುಮಾರು 2,700 ಲೀಟರ್ ಅನಿಲವಾಗುತ್ತದೆ. ನಿಮಿಷಕ್ಕೆ ಹತ್ತು ಲೀಟರಿನಂತೆ ಬಿಟ್ಟರೆ ನಾಲ್ಕೂವರೆ ಗಂಟೆಯ ಬೆಸುಗೆ, ಚುಕ್ಕೆ ಕೆಲಸದಲ್ಲಿ ಅದೇ ಹಲವು ವಾರಾಂತ್ಯಗಳು. ಈ ಅನಿಲ ಸಿಲಿಂಡರಿನಲ್ಲಿ ದ್ರವವಾಗಿರುವುದರಿಂದ ಗೇಜಿನ ಮುಳ್ಳು ಕೊನೆಯವರೆಗೂ ಹೆಚ್ಚು ಇಳಿಯುವುದಿಲ್ಲ. ಎಷ್ಟು ಉಳಿದಿದೆಯೆಂದು ತಿಳಿಯಲು ಸಿಲಿಂಡರನ್ನು ತೂಗಬೇಕು. ಸಿಲಿಂಡರ್ ಸದಾ ನೆಟ್ಟಗೆ, ಗೋಡೆಗೆ ಸರಪಳಿ ಹಾಕಿ, ಬಿಸಿಲು ತಾಗದಂತೆ ನಿಂತಿರಲಿ. ಮಧ್ಯಾಹ್ನದ ಕಡಲಗಾಳಿ ಟಾರ್ಚಿನ ಮುಂದಿನ ಅನಿಲವನ್ನು ಒಯ್ದುಬಿಡುವುದರಿಂದ ಬೆಳಗ್ಗೆ ಬೆಸೆಯುವುದು ಅನುಕೂಲ, ಇಲ್ಲವಾದರೆ ಪಡುಬದಿಗೆ ಒಂದು ಮರೆ ಕಟ್ಟಿ. ಶೆಡ್ಡನ್ನು ಪೂರ್ತಿ ಮುಚ್ಚಿದರೆ ಹೊಗೆಯೂ ಕಾರ್ಬನ್ ಡೈಆಕ್ಸೈಡೂ ನಿಮ್ಮ ಉಸಿರಿಗೇ ಬರುತ್ತವೆ.

ಮಿಗ್, ಟಿಗ್, ರಾಡು ಮೂರೂ ಇರುವ ಯಂತ್ರಗಳಲ್ಲಿ ರಾಡಿನ ಸೌಲಭ್ಯ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಟಿಗ್ (ಕರಗದ ಟಂಗ್‌ಸ್ಟನ್ ಕಡ್ಡಿಯ ಆರ್ಕಿನಿಂದ ಬೆಸೆಯುವ ಬಗೆ) ಎಂದು ಬರೆದಿರುವುದು ಸಾಮಾನ್ಯವಾಗಿ ಡಿಸಿ ಮಾತ್ರವಾಗಿದ್ದು, ಅದರಿಂದ ಅಲ್ಯುಮಿನಿಯಂ ಬೆಸೆಯಬಹುದೆಂದು ನಂಬಿ ಕೊಳ್ಳಬೇಡಿ. ತಂತಿಯ ವೇಗವನ್ನು ಹೇಳಿದರೆ ವೋಲ್ಟೇಜನ್ನು ತಾನೇ ಹೊಂದಿಸಿಕೊಳ್ಳುವ ಸಿನರ್ಜಿಕ್ ವ್ಯವಸ್ಥೆ ಹೊಸಬರಿಗೆ ಹಿತ, ಆದರೆ ಕೈಯಿಂದ ಬದಲಿಸುವ ಅವಕಾಶವೂ ಅದರಲ್ಲಿರಬೇಕು.

ಬಜೆಟಿನಲ್ಲಿ ತಾನೇ ಕಪ್ಪಾಗುವ ಹೆಲ್ಮೆಟ್, ಚರ್ಮದ ಕೈಗವಸು, ಬೆಂಕಿ ಆರಿಸುವ ಸಿಲಿಂಡರ್ ಇವುಗಳಿಗೆ ಮೊದಲೇ ಹಣ ತೆಗೆದಿಡಿ. ವಾಹನದಲ್ಲಿ ಬೆಸೆಯುವ ಮುನ್ನ ಬ್ಯಾಟರಿಯ ಸಂಪರ್ಕ ತಪ್ಪಿಸಿ, ಅರ್ತ್ ಕ್ಲಾಂಪನ್ನು ಬೆಸೆಯುವ ಜಾಗದ ಹತ್ತಿರವೇ, ಬಣ್ಣ ಕೆರೆದ ಲೋಹಕ್ಕೆ ಹಾಕಿ. ಪೆಟ್ರೋಲ್ ಟ್ಯಾಂಕಿನ ಬಳಿಯ ಕೆಲಸವಾದರೆ ಟ್ಯಾಂಕನ್ನು ಇಳಿಸಿ ದೂರವಿಡಿ. ಸತುವಿನ ಲೇಪವಿರುವ ಶೀಟನ್ನು ಬೆಸೆದರೆ ಬರುವ ಬಿಳಿ ಹೊಗೆ ಜ್ವರ ತರಿಸುತ್ತದೆ, ಲೇಪವನ್ನು ಮೊದಲೇ ಉಜ್ಜಿ ತೆಗೆಯಬೇಕು. ಚಾಸಿಯನ್ನು ಕತ್ತರಿಸಿ ಉದ್ದ ಮಾಡುವುದು, ಸ್ವರೂಪ ಬದಲಿಸುವುದು ವಾಹನದ ಬದಲಾವಣೆಗಳನ್ನು ನಿಯಂತ್ರಿಸುವ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ವ್ಯಾಪ್ತಿಗೆ ಬರುತ್ತದೆ. ಮುಂಭಾಗಕ್ಕೆ ಹಾಕುವ ಕ್ರ್ಯಾಶ್ ಗಾರ್ಡುಗಳನ್ನೂ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಇದೇ ಕಲಮಿನ ಅಡಿಯಲ್ಲಿ ನಿಷಿದ್ಧವೆಂದು ತಿಳಿಸಿದೆ. ತುಕ್ಕು ತಿಂದ ತಗಡನ್ನು ಅದೇ ಆಕಾರದಲ್ಲಿ ಮರಳಿ ಕೂರಿಸುವುದರಿಂದ ವಾಹನದ ಸ್ವರೂಪ ಬದಲಾಗುವುದಿಲ್ಲ; ಅದಕ್ಕೂ ಮೀರಿದ ಯೋಜನೆಯಿದ್ದರೆ ಲೋಹ ಕತ್ತರಿಸುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.