ದಟ್ಟ ಕಳೆಯ ಕೆಳಗಿನ ಬಾಸ್ ಮೀನು ಹಿಡಿಯೋಕೆ

ನೀರಿನ ಮೇಲೆ ಚಾಪೆ ಹಾಸಿದ ಹಾಗೆ ಕಳೆ ಬೆಳೆದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗಬೇಡಿ. ಬಿಸಿಲೇರಿದಾಗ ದೊಡ್ಡ ಬಾಸ್‌ಗಳು ಆ ನೆರಳಿಗೇ ಸೇರುತ್ತವೆ.

ನಾನು ಮೊದಲು ಅರ್ಧ ಔನ್ಸ್ ತೂಕ ಕಟ್ಟುತ್ತಿದ್ದೆ, ಅದು ಕಳೆಯ ಮೇಲೇ ಕೂತುಬಿಡುತ್ತಿತ್ತು. ಈಗ 1.5 ಔನ್ಸ್ ಟಂಗ್‌ಸ್ಟನ್ ತೂಕ, 65 ಪೌಂಡ್ ಎಳೆತ ತಡೆಯುವ ಬ್ರೇಡ್ (ಹೆಣೆದ ದಾರ), ಗಟ್ಟಿ ರಾಡ್. ಗಾಳಕ್ಕೆ ಹಾಕುವ ಪ್ಲಾಸ್ಟಿಕ್ ಹುಳು ಚಿಕ್ಕದಿರಲಿ, ಕೈಕಾಲು ಜಾಸ್ತಿ ಇದ್ದರೆ ಸಿಕ್ಕಿಕೊಳ್ಳುತ್ತದೆ. ತೂಕ ಜಾರದಂತೆ ದಾರಕ್ಕೆ ಸ್ಟಾಪರ್ (ತಡೆಯುವ ಪುಟ್ಟ ತುಂಡು) ಹಾಕಿ.

ದೂರ ಎಸೆಯಬೇಡಿ. ಹತ್ತಿರದಿಂದಲೇ ಮೇಲಕ್ಕೆ ತೂರಿ, ನೆಟ್ಟಗೆ ಬೀಳಲಿ. ಕಳೆ ತೂತಾದ ತಕ್ಷಣ ದಾರ ಸರ್ರನೆ ಓಡುತ್ತದೆ. ಕಣ್ಣು ಅಲ್ಲೇ ಇರಲಿ, ಏಕೆಂದರೆ ಮೀನು ಹೆಚ್ಚಾಗಿ ಕಚ್ಚೋದು ಬೀಳುವಾಗಲೇ. ದಾರ ನಡುವೆ ನಿಂತರೂ, ಪಕ್ಕಕ್ಕೆ ಜರುಗಿದರೂ ಜೋರಾಗಿ ಎಳೆಯಿರಿ. ತಳ ಮುಟ್ಟಿದರೆ ಎರಡು ಸಲ ಕುಣಿಸಿ ಎತ್ತಿ, ಮುಂದಿನ ಜಾಗಕ್ಕೆ ಹಾಕಿ. ಮೀನಿನ ತಲೆ ಕಳೆಯಿಂದ ಹೊರಬರುವವರೆಗೆ ದಾರ ಸಡಿಲ ಬಿಡಲೇಬೇಡಿ.