ಮಗುವಿಗೆ ಕೌನ್ಸೆಲಿಂಗ್ ಬೇಕು ಅಂದಾಗ: ಕಾಸರಗೋಡಿನ ಕನ್ನಡ ಮನೆಗಳಿಗೆ

ಶಾಲೆಯಿಂದ ಟೀಚರ್ ಫೋನ್ ಮಾಡಿ "ಇವನನ್ನೊಮ್ಮೆ ಕೌನ್ಸೆಲಿಂಗ್‌ಗೆ ಕರೆದುಕೊಂಡು ಹೋಗಿ" ಅಂದರೆ ಮನೆಯವರಿಗೆ ಮೊದಲು ಬರುವುದು ಸಿಟ್ಟು, ಆಮೇಲೆ ಹೆದರಿಕೆ. ಎರಡನ್ನೂ ಪಕ್ಕಕ್ಕಿಟ್ಟು ಮೊದಲು ಮಕ್ಕಳ ಡಾಕ್ಟರ ಹತ್ತಿರ ಹೋಗಿ. ವರ್ಷಗಟ್ಟಲೆ ಹಾಸಿಗೆ ಒದ್ದೆ ಮಾಡದಿದ್ದ ಮಗು ಮತ್ತೆ ಶುರು ಮಾಡಿದರೆ ಮೂತ್ರದ ಸೋಂಕು, ಮಲಬದ್ಧತೆ, ಸಕ್ಕರೆ ಕಾಯಿಲೆ ಯಾವುದೂ ಅಲ್ಲ ಅಂತ ಖಾತ್ರಿಯಾಗಬೇಕು. ಪಾಠ ತಲೆಗೆ ಹೋಗದಿದ್ದರೆ ಕಣ್ಣು, ಕಿವಿ ನೋಡಿಸಬೇಕು. ಉಡಾಫೆ ಅಂತ ಬೈಸಿಕೊಳ್ಳುವ ಎಷ್ಟೋ ಮಕ್ಕಳಿಗೆ ಬೋರ್ಡೇ ಕಾಣಿಸುತ್ತಿರುವುದಿಲ್ಲ.

ಮೈಯಲ್ಲಿ ಏನೂ ತೊಂದರೆ ಇಲ್ಲ, ಆದರೂ ಸೋಮವಾರ ಬೆಳಿಗ್ಗೆ ಮಾತ್ರ ಹೊಟ್ಟೆನೋವು, ಇಲ್ಲವೇ ನಿದ್ದೆಯಲ್ಲಿ ಬೆಚ್ಚಿ ಬೀಳುವುದು, ಮಾತೇ ನಿಂತುಹೋಗುವುದು, ತಮ್ಮನಿಗೆ ಸುಮ್ಸುಮ್ನೆ ಹೊಡೆಯುವುದು ವಾರಗಟ್ಟಲೆ ನಡೆಯುತ್ತಿದೆ ಅಂದರೆ ಮನಸ್ಸಿನ ಕಡೆ ನೋಡಬೇಕು. ಪ್ರಶ್ನೆ ಇಡಿಸುವವರು ಇಡಿಸಿ, ನೂಲು ಕಟ್ಟಿಸುವವರು ಕಟ್ಟಿಸಿ, ನನ್ನ ತಕರಾರಿಲ್ಲ. ಆದರೆ ಮಗುವಿನ ಎದುರಿಗೆ "ಇವನಿಗೆ ಏನೋ ಸೋಕಿದೆ" ಅನ್ನಬೇಡಿ. ಅವನು ಅದನ್ನು ನಂಬಿಬಿಡುತ್ತಾನೆ.

ಯಾರ ಹತ್ತಿರ ಹೋಗುವುದು? ಸೈಕಿಯಾಟ್ರಿಸ್ಟ್ ಅಂದರೆ ವೈದ್ಯರು, ಮದ್ದು ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಮದ್ದು ಬರೆಯುವುದಿಲ್ಲ, ಅವರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇರಬೇಕು. ನಂಬರ್ ಕೇಳಿ, ಕೇಳಲು ಸಂಕೋಚ ಬೇಡ. ಬರೀ "ಕೌನ್ಸೆಲರ್" ಅನ್ನುವ ಬೋರ್ಡ್ ಕಂಡರೆ ಓದಿದ್ದೇನು, ಎಲ್ಲಿ ಅಂತ ವಿಚಾರಿಸಿ. ಮನಸ್ಸಿನ ಆಳದಲ್ಲಿ ಅಡಗಿದ್ದನ್ನು ಮಾತು, ಆಟದ ಮೂಲಕ ಅರಿಯುವ ಮನೋವಿಶ್ಲೇಷಣೆ ನಮ್ಮ ದೇಶಕ್ಕೇನೂ ಹೊಸದಲ್ಲ, ಗಿರೀಂದ್ರಶೇಖರ ಬೋಸ್ 1922ರಲ್ಲೇ ಕಲ್ಕತ್ತೆಯಲ್ಲಿ ಅದಕ್ಕೊಂದು ಸೊಸೈಟಿ ಕಟ್ಟಿದ್ದರು. ಆದರೂ ಅದರಲ್ಲೇ ಪೂರ್ತಿ ತರಬೇತಿ ಆದವರು ದೊಡ್ಡ ನಗರಗಳಲ್ಲೇ ಜಾಸ್ತಿ. ಹಾಗಾಗಿ ಹೆಸರಿಗಾಗಿ ಹುಡುಕಾಡಬೇಡಿ. ವಾರ ವಾರ ಮಗುವಿನ ಜೊತೆ ಕೂತು ಆಡುವ, ಚಿತ್ರ ಬರೆಸುವ, ಅವಸರ ಮಾಡದೆ ಕೇಳುವ ಒಬ್ಬರು ಸಿಕ್ಕರೆ ಸಾಕು.

ಇನ್ನು ಭಾಷೆ. ನಮ್ಮ ಕಡೆ ಮನೆಯಲ್ಲಿ ತುಳುವೋ ಹವ್ಯಕವೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಲ್ಲಿ ಆಫೀಸಲ್ಲಿ ಮಲಯಾಳ. ಅಂಗಡಿಯಲ್ಲಿ ಮಲಯಾಳದಲ್ಲಿ ಚೌಕಾಸಿ ಮಾಡುವ ಹುಡುಗ ಅಳುವಾಗ, ಜಗಳಾಡುವಾಗ ತುಳುವಿಗೆ ಬರುತ್ತಾನೆ, ಅಲ್ವಾ? ಅವನು ಜಗಳಾಡುವ ಭಾಷೆ ಗೊತ್ತಿರುವವರನ್ನು ಹುಡುಕಿ. ಅಪಾಯಿಂಟ್‌ಮೆಂಟ್ ತೆಗೆಯುವ ಮೊದಲೇ ಫೋನಲ್ಲಿ ಕೇಳಿ. ಮಂಜೇಶ್ವರ, ಉಪ್ಪಳದವರಿಗೆ ದೇರಳಕಟ್ಟೆ, ಮಂಗಳೂರು ದೂರವೇನಲ್ಲ. ಭಾಷೆ ಬಾರದವರ ಹತ್ತಿರ ಹೋಗಿ ನೀವೇ ಮಧ್ಯೆ ಕೂತು ಅನುವಾದ ಮಾಡುವ ಏರ್ಪಾಡು ಮಾತ್ರ ಬೇಡ. ಅಮ್ಮನ ಮೇಲಿನ ಸಿಟ್ಟನ್ನು ಅಮ್ಮನ ಬಾಯಿಂದಲೇ ಹೇಳಿಸಲು ಯಾವ ಮಗುವಿಗೂ ಆಗುವುದಿಲ್ಲ.

"ಬರೀ ಆಡಿಸ್ತಾರೆ, ಅದಕ್ಕೆ ಫೀಸು ಬೇರೆ" ಅನ್ನುವ ಮಾತು ತುಂಬ ಕೇಳಿದ್ದೇನೆ. ಆ ಆಟದಲ್ಲೇ ಇರುವುದು ವಿಷಯ. ಗಲ್ಫಲ್ಲಿ ಕೆಲಸ ಮಾಡುವ ಒಬ್ಬರ ಮಗ, ಅಪ್ಪ ರಜೆ ಮುಗಿಸಿ ಹೊರಡುವ ಹೊತ್ತಿಗೆ ಸೂಟ್‌ಕೇಸು ಅಟ್ಟದಿಂದ ಇಳಿದದ್ದೇ ತಡ, ಅಪ್ಪನ ಒಂದು ಚಪ್ಪಲಿಯನ್ನು ಬಚ್ಚಲಿನ ಸೌದೆ ರಾಶಿಯೊಳಗೆ ತುರುಕುತ್ತಿದ್ದ. ಒಂದೇ ಒಂದನ್ನು. ಮನೆಯಲ್ಲಿ ಪ್ರತಿಸಲ ಪೆಟ್ಟು. ಕೌನ್ಸೆಲರ್ ಕೋಣೆಯಲ್ಲೂ ಆಟಿಕೆ ವಿಮಾನವನ್ನು ಚಾಪೆಯಡಿ ನೂಕುವುದು, ಹೊರಗೆ ಎಳೆಯುವುದು, ಮತ್ತೆ ನೂಕುವುದು, ವಾರಗಟ್ಟಲೆ ಇದೇ ಆಟ. ಮನೋವಿಶ್ಲೇಷಣೆಯನ್ನು ಶುರು ಮಾಡಿದ ಫ್ರಾಯ್ಡ್ 1920ರಲ್ಲಿ ತಮ್ಮ ಒಂದೂವರೆ ವರ್ಷದ ಮೊಮ್ಮಗನ ಬಗ್ಗೆ ಇಂಥದ್ದೇ ಒಂದು ಆಟ ಬರೆದಿದ್ದಾರೆ: ಮಗು ದಾರ ಕಟ್ಟಿದ ಮರದ ರೀಲನ್ನು ಮಂಚದಾಚೆ ಎಸೆದು "ಹೋಯ್ತು" ಅನ್ನುತ್ತದೆ, ಎಳೆದುಕೊಂಡು "ಇಲ್ಲಿದೆ" ಅನ್ನುತ್ತದೆ. ಅಮ್ಮ ಹೋಗುವುದು ಬರುವುದು ತನ್ನ ಕೈಯಲ್ಲಿಲ್ಲ, ದಾರ ಮಾತ್ರ ತನ್ನ ಕೈಯಲ್ಲೇ ಇದೆ. ಈ ಹುಡುಗನ ಮನೆಯವರಿಗೆ ಕೌನ್ಸೆಲರ್ ಹೇಳಿದ್ದು ಎರಡೇ ಮಾತು. ಹೊರಡುವ ತಾರೀಕನ್ನು ಕ್ಯಾಲೆಂಡರಿನಲ್ಲಿ ಅವನಿಂದಲೇ ಗುರುತು ಹಾಕಿಸಿ, ರಾತ್ರಿ ಫ್ಲೈಟ್ ಆದರೂ ನಿದ್ದೆಯಿಂದ ಎಬ್ಬಿಸಿ ಹೇಳಿಯೇ ಹೊರಡಿ. ಅಳುತ್ತಾನೆ, ಅಳಲಿ.

ಮೊದಲ ದಿನ ಮಗುವಿಗೆ ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ. ಐಸ್‌ಕ್ರೀಮ್ ಕೊಡಿಸುತ್ತೇನೆ ಅಂತ ಬಸ್ಸು ಹತ್ತಿಸಿ ಆಸ್ಪತ್ರೆಯಲ್ಲಿ ಇಳಿಸಿದರೆ ಮುಂದಿನ ವಾರ ಅವನು ಬರುವುದೇ ಇಲ್ಲ. "ನಿನಗೆ ರಾತ್ರಿ ಹೆದರಿಕೆ ಆಗ್ತದಲ್ಲ, ಅದರ ಬಗ್ಗೆ ಮಕ್ಕಳ ಜೊತೆ ಮಾತಾಡುವ ಒಬ್ಬರು ಆಂಟಿ ಇದ್ದಾರೆ. ಇಂಜೆಕ್ಷನ್ ಇಲ್ಲ. ಮಾತಾಡಬೇಕು ಅಂತಲೂ ಇಲ್ಲ, ಆಡಬಹುದು" ಅಂದರೆ ಸಾಕು.

ಆಮೇಲೆ ಪ್ರತಿ ವಾರ ಅದೇ ದಿನ, ಅದೇ ಹೊತ್ತು. ಮದುವೆ, ಗೃಹಪ್ರವೇಶ, ಭೂತಕೋಲ ಅಂತ ತಪ್ಪಿಸುತ್ತಾ ಹೋದರೆ ತನಗಿಂತ ಉಳಿದದ್ದೆಲ್ಲ ದೊಡ್ಡದು ಅಂತ ಮಗು ಲೆಕ್ಕ ಹಾಕಿಕೊಳ್ಳುತ್ತದೆ. ತಪ್ಪಿಸಲೇಬೇಕಾದರೆ ಮೊದಲೇ ತಿಳಿಸಿ. ವಾಪಸು ಬರುವಾಗ ಬಸ್ಸಲ್ಲಿ "ಏನು ಕೇಳಿದರು? ನೀನು ಏನಂದೆ? ನನ್ನ ಬಗ್ಗೆ ಹೇಳಿದೆಯಾ?" ಅಂತ ಶುರು ಮಾಡಬೇಡಿ. ಇದು ಭಾರೀ ಕಷ್ಟ, ಗೊತ್ತು. ಕಿಟಕಿ ಬದಿಯ ಸೀಟು ಕೊಡಿ, ತಿನ್ನಲು ಏನಾದರೂ ಕೊಡಿ, ಅವನಾಗಿ ಹೇಳಿದರೆ ಕೇಳಿ. ನಿಮ್ಮ ಪ್ರಶ್ನೆಗಳಿಗೆ ಹೆತ್ತವರ ಭೇಟಿ ಅಂತ ಬೇರೆ ಸಮಯ ಕೇಳಿ ಇಟ್ಟುಕೊಳ್ಳಿ.

ಮನೆಯಲ್ಲಿ ಮಾಡುವುದಾದರೆ ಇಂಗ್ಲೆಂಡಿನ ಮಕ್ಕಳ ವೈದ್ಯ ವಿನ್ನಿಕಾಟ್ ಆಡಿಸುತ್ತಿದ್ದ ಗೀಚಾಟ ಚೆನ್ನಾಗಿದೆ. ನೀವು ಕಣ್ಣು ಮುಚ್ಚಿ ಒಂದು ಗೆರೆ ಗೀಚಿ, ಅದನ್ನು ಅವನು ಏನಾದರೂ ಮಾಡಲಿ, ಆಮೇಲೆ ಅವನ ಗೀಚು ನಿಮಗೆ. ಹಾವು ಬರೆದ ಅಂತ ಅರ್ಥ ಹೇಳಲು ಹೋಗಬೇಡಿ. ಸುಮ್ನೆ ಆಡಿ.

ದೊಡ್ಡ ಮಕ್ಕಳ ವಿಷಯ ಬೇರೆ. ಹದಿನಾಲ್ಕು, ಹದಿನೈದರ ಹುಡುಗಿ ಒಳಗೆ ಒಬ್ಬಳೇ ಹೋಗಲಿ. ಅವಳು ಹೇಳಿದ್ದು ಅಲ್ಲೇ ಉಳಿಯುತ್ತದೆ. ಆದರೆ ಜೀವಕ್ಕೆ ಅಪಾಯ ಅನಿಸಿದರೆ ಮನೆಯವರಿಗೆ ಹೇಳುತ್ತಾರೆ, ಲೈಂಗಿಕ ದೌರ್ಜನ್ಯ ಆಗಿದ್ದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಅವಳಿಗೂ ಮೊದಲೇ ಹೇಳಿರಬೇಕು. ಸಾಯುವ ಮಾತಾಡಿದರೆ ನಾಟಕ ಅಂತ ತಳ್ಳಿಹಾಕಬೇಡಿ, ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆ ಅನ್ನುವುದು ಸುಳ್ಳು. ಅಡಿಕೆ ತೋಟಕ್ಕೆ ಬಿಡುವ ಮೈಲುತುತ್ತು, ಕಳೆನಾಶಕ, ಅಜ್ಜನ ಮಾತ್ರೆ ಎಲ್ಲಕ್ಕೂ ಇವತ್ತೇ ಬೀಗ ಹಾಕಿ, ಅವಳನ್ನು ಒಬ್ಬಳೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098.

ಒಂದು ಎಚ್ಚರಿಕೆ. ಆಟಿಸಂ ಇರುವ ಮಗುವಿಗೆ ಈ ಆಟ, ಮಾತಿನ ಕೌನ್ಸೆಲಿಂಗೇ ಚಿಕಿತ್ಸೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ತಾಯಿ ಪ್ರೀತಿ ಕೊಡದ್ದರಿಂದ ಆಟಿಸಂ ಬರುತ್ತದೆ ಅಂತ ಅಮೆರಿಕದ ಬ್ರೂನೋ ಬೆಟೆಲ್‌ಹೈಮ್ ಅಂಥವರು 1960ರ ದಶಕದಲ್ಲಿ ಬರೆದು ಎಷ್ಟೋ ತಾಯಂದಿರನ್ನು ಸುಮ್ನೆ ಅಳಿಸಿದರು. ಅದು ತಪ್ಪು. ಅಲ್ಲಿ ಬೇಕಾಗುವುದು ಸ್ಪೀಚ್ ಥೆರಪಿ, ಆಕ್ಯುಪೇಶನಲ್ ಥೆರಪಿ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು.

ಹಾಸಿಗೆ ಒಣಗಿತು ಅಂತ ಮರುವಾರವೇ ನಿಲ್ಲಿಸಬೇಡಿ. ದುಡ್ಡಿಗೆ ಕಷ್ಟವಾದರೆ ಅದನ್ನೇ ಕೌನ್ಸೆಲರ್ ಹತ್ತಿರ ಬಾಯಿಬಿಟ್ಟು ಹೇಳಿ, ಹದಿನೈದು ದಿನಕ್ಕೊಮ್ಮೆ ಮಾಡಲಾದೀತೇ ಕೇಳಿ. ನಿಲ್ಲಿಸುವುದೇ ಆದರೆ ಕೊನೆಯ ದಿನ ಯಾವುದು ಅಂತ ಮಗುವಿಗೆ ಕೆಲವು ವಾರ ಮೊದಲೇ ಗೊತ್ತಿರಲಿ, ಆ ದಿನ ತಪ್ಪದೆ ಕರೆದುಕೊಂಡು ಹೋಗಿ.